ಎರಡು ಸಲ ಮಡಚಿದ ಟೇಪು

ಚಿತ್ರಕಲೆಗೆ ಪಬ್ಲಿಕ್ ಪರೀಕ್ಷೆ ಇಲ್ಲ. ಹಾಗಾಗಿ ಆ ಪ್ರೌಢಶಾಲೆಯಲ್ಲಿ ಉಳಿದವರ ಪರೀಕ್ಷೆಗಳನ್ನೆಲ್ಲ ಕಾಯುವ ಕೆಲಸ ಚಿತ್ರಕಲೆಯ ಮೇಡಂ ಪಾಲಿಗೆ ಬಿದ್ದಿತ್ತು. ಇಪ್ಪತ್ತಾರು ವರ್ಷಗಳಿಂದ ಕಾಯುತ್ತಲೇ ಇದ್ದರು. ಮೊದಲ ವರ್ಷ ಅವರ ಚಪ್ಪಲಿ ಚಟಪಟ ಎನ್ನುತ್ತಿತ್ತು. ಆ ಸದ್ದು ಯಾವ ಮೂಲೆಯಲ್ಲಿದೆ ಎಂದು ಕೇಳಿಕೊಂಡೇ ಮಕ್ಕಳು ಎದುರು ಮೂಲೆಯಲ್ಲಿ ಚೀಟಿ ಬಿಚ್ಚುತ್ತಾರೆಂದು ಗೊತ್ತಾದ ದಿನ ಸಂಜೆಯೇ ಹೋಗಿ ಬಟ್ಟೆಯ ಬೂಟು ಕೊಂಡರು. ಅಡಿಗೆ ಮೆತ್ತನೆಯ ರಬ್ಬರು. ಮರುದಿನ ಕೋಣೆಯಲ್ಲಿ ಅವರು ಎಲ್ಲಿದ್ದಾರೆಂದು ಯಾರಿಗೂ ತಿಳಿಯಲಿಲ್ಲ. ಅಂದಿನಿಂದ ಅವರು ಬೆಕ್ಕು ಮೇಡಂ.

ಹೆಸರು ಅವರ ಕಿವಿಗೂ ಬಿದ್ದಿತ್ತು. ಬೇಜಾರೇನೂ ಆಗಲಿಲ್ಲ. ಬೇಜಾರು ಆಗುತ್ತಿದ್ದದ್ದು ಅವರ ಗಂಡನಿಗೆ. ಪೇಟೆ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಅವರು ಮಧ್ಯಾಹ್ನ ಊಟಕ್ಕೆ ಬಂದು ಪೇಪರು ಹಿಡಿದು ಕೂತಿದ್ದಾಗ ಹಿಂದೆ ಯಾರೋ ಬಂದು ನಿಂತಂತಾಗಿ ಬೆಚ್ಚಿಬೀಳುತ್ತಿದ್ದರು.

"ಮನೇಲಾದ್ರೂ ಸದ್ದು ಮಾಡ್ಕೊಂಡು ಬಾರೇ. ಎದೆ ಧಸಕ್ ಅನ್ನುತ್ತೆ."

"ಧಸಕ್ ಅನ್ನೋವಂಥದ್ದು ಏನು ಮಾಡ್ತಿದ್ರಿ?"

ಮೇಡಂಗೆ ಇದ್ದ ದೊಡ್ಡ ಆಸ್ತಿಯೆಂದರೆ ಕಣ್ಣು. ಚಿತ್ರ ಬಿಡಿಸುವವರಿಗೆ ಮೈಯ ಬಾಗು ಬಳುಕು ಬೇಗ ಕಾಣುತ್ತದೆ. ಉತ್ತರ ನೆನಪು ಮಾಡಿಕೊಳ್ಳುವವರ ಕಣ್ಣು ಸೂರಿನ ಕಡೆ ಹೋಗುತ್ತದೆ. ಕದಿಯಬೇಕೆಂದಿರುವವರ ಕಣ್ಣು ಮೊದಲು ಮೇಲ್ವಿಚಾರಕರನ್ನು ಹುಡುಕುತ್ತದೆ. ಪಕ್ಕದವರ ಉತ್ತರ ನೋಡುವಾಗ ಕುತ್ತಿಗೆ ತಿರುಗುವುದಿಲ್ಲ, ಭುಜ ಮಾತ್ರ ಅರ್ಧ ಇಂಚು ಇಳಿಯುತ್ತದೆ. ಇದನ್ನೆಲ್ಲ ಅವರು ಯಾರಿಂದಲೂ ಕಲಿತದ್ದಲ್ಲ. ಪ್ರತಿ ಪರೀಕ್ಷೆಯಲ್ಲೂ ಮೊದಲ ಅರ್ಧ ಗಂಟೆ, ಕೋಣೆಯ ಹಿಂಬದಿಯಲ್ಲಿ ನಿಂತು, ಒಂದು ಹಾಳೆಯ ಮೇಲೆ ಬೆಂಚುಗಳ ಚೌಕ ಹಾಕಿ, ಒಂದೊಂದು ಚೌಕದಲ್ಲೂ ಅಲ್ಲಿ ಕೂತ ಮಗುವಿನ ಬೆನ್ನನ್ನು ನಾಲ್ಕಾರು ಗೆರೆಯಲ್ಲಿ ಬಿಡಿಸುತ್ತಿದ್ದರು. ಕೆಳಗೆ ನೋಂದಣಿ ಸಂಖ್ಯೆ. ಆಮೇಲೆ ಯಾವ ಬೆನ್ನಿನ ಗೆರೆ ಬದಲಾದರೂ ಅವರ ಕಣ್ಣಿಗೆ ಚುಚ್ಚುತ್ತಿತ್ತು.

ಇನ್ನೊಂದು ಪದ್ಧತಿ ಅವರು ಯಾರಿಗೂ ಹೇಳಿಕೊಂಡದ್ದಲ್ಲ. ಆದರೆ ಶಾಲೆಗೆಲ್ಲ ಗೊತ್ತಿತ್ತು. ಅವರ ಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ, ಅದರೊಳಗೆ ಒದ್ದೆ ಕರವಸ್ತ್ರ. ಗಂಟೆ ಹೊಡೆಯುವ ಮೊದಲು ಬೆಂಚುಗಳ ನಡುವೆ ಒಂದು ಸುತ್ತು. ಯಾರದಾದರೂ ಅಂಗೈ ಮುಚ್ಚಿಕೊಂಡೇ ಇದ್ದರೆ ಆ ಬೆಂಚಿನ ಮೇಲೆ ಡಬ್ಬಿ ಬಿಚ್ಚಿಟ್ಟು ಕಿಟಕಿಯ ಕಡೆ ನೋಡುತ್ತ ನಿಲ್ಲುವರು. ಮಾತಿಲ್ಲ. ಒರೆಸಿಕೊಂಡ ಸದ್ದಾದ ಮೇಲೆ ಡಬ್ಬಿ ಮುಚ್ಚಿಕೊಂಡು ಮುಂದಕ್ಕೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಆ ಮಗು ಬಂದು, ಅಂಗೈಯಲ್ಲಿ ಏನಿತ್ತೋ ಅದನ್ನು ಬೋರ್ಡಿನ ಮೇಲೆ ಚಿತ್ರ ಬಿಡಿಸಿ ಮೇಡಂಗೆ ಅರ್ಥ ಮಾಡಿಸಿ ಹೋಗಬೇಕು. ಗಣಿತ, ವಿಜ್ಞಾನ ಎರಡೂ ಬಾರದ ಮೇಡಂಗೆ ಅರ್ಥ ಮಾಡಿಸುವುದು ಡಿಬಾರ್ ಆಗುವುದಕ್ಕಿಂತ ಕಷ್ಟ ಎಂದು ಮಕ್ಕಳು ಗೊಣಗುತ್ತಿದ್ದರು. ನಿಯಮದ ಪ್ರಕಾರ ಇದನ್ನೆಲ್ಲ ವರದಿ ಮಾಡಬೇಕಿತ್ತು. ಪರೀಕ್ಷೆ ಶುರುವಾಗುವ ಮೊದಲೇ ತಡೆದ ಮೇಲೆ ವರದಿ ಯಾತರದ್ದು ಎಂಬುದು ಮೇಡಂ ವಾದ. ಬಟ್ಟೆಯ ಬೂಟು ಕೊಂಡ ದಿನದಿಂದ ಅವರ ಕೋಣೆಯಲ್ಲಿ ಒಂದು ನಕಲೂ ನಡೆದಿರಲಿಲ್ಲ, ಒಂದು ಮಗುವೂ ಡಿಬಾರ್ ಆಗಿರಲಿಲ್ಲ.

ಆ ವರ್ಷದ ಗಣಿತ ಪರೀಕ್ಷೆಗೆ ಅವರಿಗೆ ನಾಲ್ಕನೇ ಕೋಣೆ. ಇಪ್ಪತ್ತನಾಲ್ಕು ಮಕ್ಕಳು, ಎಲ್ಲರೂ ಅವರದೇ ಶಾಲೆಯವರು. ಉಳಿದ ಮೂರು ಕೋಣೆಗಳಲ್ಲಿ ಬೇರೆ ಊರುಗಳ ಶಾಲೆಯವರು. ಮೂರನೇ ಸಾಲಿನ ಕೊನೆಯ ಬೆಂಚಿನಲ್ಲಿ ಮರ ಕೊಯ್ಯುವ ಸಾಮಿಲ್ಲಿನ ಅಳತೆಗಾರನ ಮಗಳು ಕೂತಿದ್ದಳು. ತೆಳ್ಳಗೆ, ಚುರುಕಾಗಿ, ಯಾವಾಗಲೂ ಕೂದಲಲ್ಲಿ ಒಂದಿಷ್ಟು ಮರದ ಪುಡಿ ಸಿಕ್ಕಿಸಿಕೊಂಡೇ ಬರುತ್ತಿದ್ದ ಅವಳನ್ನು ಎಲ್ಲರೂ ಚಕ್ಕೆ ಎನ್ನುತ್ತಿದ್ದರು. ಅಂದು ಅವಳ ಎಡ ಅಂಗೈ ಮುಚ್ಚಿಕೊಂಡಿತ್ತು.

ಮೇಡಂ ಡಬ್ಬಿ ಬಿಚ್ಚಿಟ್ಟರು. ಕಿಟಕಿಯಾಚೆ ಸೈಕಲ್ ಸ್ಟ್ಯಾಂಡಿನ ತಗಡು ಬಿಸಿಲಿಗೆ ಮಿನುಗುತ್ತಿತ್ತು. ಹಿಂದಿನಿಂದ ಸಣ್ಣಗೆ ಒಂದು ನಿಟ್ಟುಸಿರು, ಆಮೇಲೆ ಒದ್ದೆ ಬಟ್ಟೆ ಉಜ್ಜಿದ ಸದ್ದು. ಗಂಟೆ ಹೊಡೆಯಿತು. ಪ್ರಶ್ನೆಪತ್ರಿಕೆ ಹಂಚಿದರು.

ಎಲ್ಲ ಪರೀಕ್ಷೆಗಳು ಮುಗಿದ ಮರುದಿನ ಚಕ್ಕೆ ತಾನಾಗಿ ಬಂದು ಬೋರ್ಡಿನ ಮೇಲೆ ಒಂದು ನೀರಿನ ಪೈಪು ಬರೆದು, ಅದರ ಬಾಯಿಯ ವೃತ್ತ ತೋರಿಸಿ, ಅದರೊಳಗೆ ಎಷ್ಟು ನೀರು ಹಿಡಿಯುತ್ತದೆಂದು ಮೇಡಂಗೆ ಅರ್ಥವಾಗುವವರೆಗೆ ಮೂರು ಸಲ ಹೇಳಿ, ಕೈಗೆ ಹತ್ತಿದ ಸುಣ್ಣದಕಡ್ಡಿಯ ಪುಡಿ ಕೊಡವಿಕೊಂಡು ಹೋದಳು. ಅಲ್ಲಿಗೆ ಅದು ಮುಗಿಯಿತು ಎಂದುಕೊಂಡಿದ್ದರು ಮೇಡಂ.

ತಿಂಗಳಾದ ಮೇಲೆ ಒಂದು ಸೋಮವಾರ ಹೆಡ್‌ಮಾಸ್ಟರು ಕರೆಸಿದರು. ಮೇಜಿನ ಮೇಲೆ ಮೂರು ಪುಟದ ಪತ್ರ, ಕೊನೆಯ ಪುಟದಲ್ಲಿ ನೋಂದಣಿ ಸಂಖ್ಯೆಗಳ ಪಟ್ಟಿ. ಅದರ ಜೊತೆ ಒಂದು ಉತ್ತರ ಪತ್ರಿಕೆಯ ಪ್ರತಿ.

"ಕೂತ್ಕೊಳ್ಳಿ ಮೇಡಂ. ನಾಲ್ಕನೇ ಕೋಣೆ. ಹದಿನಾಲ್ಕನೇ ಪ್ರಶ್ನೆ. ಹತ್ತೊಂಬತ್ತು ಮಕ್ಕಳು ಒಂದೇ ಉತ್ತರ ಬರ್ದಿದ್ದಾರೆ."

"ಒಳ್ಳೇದಲ್ವಾ ಸಾರ್?"

"ಒಂದೇ ತಪ್ಪು ಉತ್ತರ!" ಹೆಡ್‌ಮಾಸ್ಟರು ಹಣೆ ಒತ್ತಿಕೊಂಡರು. "ಸರಿ ಉತ್ತರ ಎಲ್ಲರದ್ದೂ ಒಂದೇ ಇರುತ್ತೆ. ತಪ್ಪು ಒಬ್ಬೊಬ್ಬರದ್ದು ಒಂದೊಂದು ಥರ ಇರ್ಬೇಕು. ಹತ್ತೊಂಬತ್ತು ಜನ ಒಂದೇ ಥರ, ಅದೂ ಯಾವ ಪುಸ್ತಕದಲ್ಲೂ ಇಲ್ದಿರೋ ಥರ ತಪ್ಪು ಮಾಡಿದ್ರೆ ಏನರ್ಥ? ಸಾಮೂಹಿಕ ನಕಲು ಅಂತ ಬರ್ದಿದ್ದಾರೆ. ಗುರುವಾರ ತನಿಖೆ. ಸಾಬೀತಾದ್ರೆ ಹತ್ತೊಂಬತ್ತು ಮಕ್ಕಳ ಎಲ್ಲಾ ವಿಷಯದ ಫಲಿತಾಂಶಾನೂ ರದ್ದು. ವರ್ಷ ಹೋದ ಹಾಗೆ."

ಮೇಡಂ ಪ್ರತಿಯನ್ನು ಕೈಗೆತ್ತಿಕೊಂಡರು. ನಾಲ್ಕು ಅಂಕದ ಪ್ರಶ್ನೆ: ಒಂದು ಮರದ ದಿಮ್ಮಿಯ ಸುತ್ತಳತೆ 132 ಸೆಂ.ಮೀ., ಉದ್ದ 200 ಸೆಂ.ಮೀ.; ಅದರ ಘನಫಲವೆಷ್ಟು? ಕೆಳಗೆ, ಓರೆಯಾದ ಅಕ್ಷರದಲ್ಲಿ, 132ನ್ನು ನಾಲ್ಕರಿಂದ ಭಾಗಿಸಿ 33. ಮೂವತ್ತಮೂರನ್ನು ಮೂವತ್ತಮೂರರಿಂದ ಗುಣಿಸಿ, ಮತ್ತೆ ಇನ್ನೂರರಿಂದ ಗುಣಿಸಿ 2,17,800. ಬರಬೇಕಾಗಿದ್ದದ್ದು 2,77,200. ಪಕ್ಕದಲ್ಲಿ ಮೌಲ್ಯಮಾಪಕರ ಕೆಂಪು ಶಾಯಿ: 'ಈ ನಾಲ್ಕು ಎಲ್ಲಿಂದ ಬಂತು?'

ಹೆಡ್‌ಮಾಸ್ಟರು ದನಿ ತಗ್ಗಿಸಿದರು. "ಒಂದು ದಾರಿ ಇದೆ. ಹತ್ತು ನಿಮಿಷ ಹೊರಗೆ ಹೋಗಿದ್ದೆ, ಆಗ ನಡೆದಿರಬಹುದು ಅಂತ ಬರ್ದುಕೊಡಿ. ಬರೀ ಗಣಿತ ರದ್ದಾಗುತ್ತೆ, ಮರುಪರೀಕ್ಷೆ ಬರ್ಕೋತಾರೆ. ನಿಮಗೊಂದು ಎಚ್ಚರಿಕೆ ಪತ್ರ, ಅಷ್ಟೇ."

"ಹೋಗಿಲ್ವಲ್ಲ ಸಾರ್."

"ಹೋಗಿಲ್ಲ ಅಂತ ನನಗೆ ಗೊತ್ತಿಲ್ವೇ? ಮಕ್ಕಳ ಮುಖ ನೋಡಿ ಬರ್ದುಕೊಡಿ."

"ಮಕ್ಕಳ ಮುಖಾನೇ ನೋಡ್ತಾ ಇದೀನಿ. ನಾನು ಹೋಗಿದ್ದೆ ಅಂತ ಬರ್ದ್ರೆ ಅವರು ಕದ್ದರು ಅಂತ ಬರ್ದ ಹಾಗಲ್ವಾ?"

ಗಣಿತದ ಮೇಷ್ಟ್ರು ಬಾಗಿಲಲ್ಲೇ ನಿಂತು, "ನಾನಂತೂ ಹೀಗೆ ಕಲಿಸಿಲ್ಲ" ಎಂದು ಕೇಳದಿದ್ದರೂ ಎರಡು ಸಲ ಹೇಳಿದರು.

ಸಂಜೆ ಮನೆಯ ದಾರಿಯಲ್ಲಿ ಮೇಡಂ ನಾಲ್ಕನೇ ಕೋಣೆಯ ಇಪ್ಪತ್ತನಾಲ್ಕು ಬೆನ್ನುಗಳನ್ನು ಒಂದೊಂದಾಗಿ ಕಣ್ಮುಂದೆ ತಂದುಕೊಂಡರು. ಒಂದು ಭುಜವೂ ಇಳಿದ ನೆನಪಿಲ್ಲ. ತನ್ನ ಕಣ್ಣೇ ಮೋಸ ಮಾಡಿತೇ? ವಯಸ್ಸಾಯಿತೇ? ಕನ್ನಡಕದವನ ಹೆಂಡತಿಯಾಗಿ ಕನ್ನಡಕ ಹಾಕಿಕೊಳ್ಳಲು ಒಲ್ಲೆ ಎಂದದ್ದೇ ತಪ್ಪಾಯಿತೇ?

ಸಾಮಿಲ್ಲಿನ ಮುಂದೆ ಒಂದು ಲಾರಿ ಅಡ್ಡ ನಿಂತಿತ್ತು. ದಿಮ್ಮಿ ಇಳಿಸುತ್ತಿದ್ದರು. ದಾಟಲು ಜಾಗವಿಲ್ಲದೆ ಮೇಡಂ ನಿಂತರು. ಚಕ್ಕೆಯ ಅಪ್ಪ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಒಂದು ದಿಮ್ಮಿಯ ನಡುವಿಗೆ ಬಟ್ಟೆಯ ಟೇಪು ಸುತ್ತಿದ. ಎರಡೂ ತುದಿ ಕೂಡಿದ ಕಡೆ ಹೆಬ್ಬೆರಳು ಒತ್ತಿಕೊಂಡು ಟೇಪನ್ನು ಬಿಡಿಸಿದ. ಅದನ್ನು ಮಧ್ಯಕ್ಕೆ ಮಡಚಿದ. ಮತ್ತೊಮ್ಮೆ ಮಧ್ಯಕ್ಕೆ ಮಡಚಿದ. ಉಳಿದ ತುಂಡನ್ನು ಓದಿ, "ಮೂವತ್ತೊಂದೂ" ಎಂದು ಕೂಗಿದ. ಒಳಗೆ ಯಾರೋ ಬರೆದುಕೊಂಡರು.

ಮೇಡಂ ನಿಂತಲ್ಲೇ ನಿಂತರು. ಲಾರಿ ಸರಿದು ದಾರಿ ಬಿಟ್ಟಿತು, ಅವರು ಕದಲಲಿಲ್ಲ. ಮದುವೆಯಾಗಿ ಈ ಊರಿಗೆ ಬಂದ ಲಾಗಾಯ್ತು ಇದೇ ದಾರಿಯಲ್ಲಿ ನಡೆದಿದ್ದರು. ಗರಗಸದ ಸದ್ದು ಕೇಳಿದ್ದರು, ಪುಡಿ ಕಣ್ಣಿಗೆ ಬಿದ್ದಾಗ ಉಜ್ಜಿಕೊಂಡಿದ್ದರು. ಈ ಎರಡು ಮಡಿಕೆಯನ್ನು ನೋಡಿರಲಿಲ್ಲ.

"ಇನ್ನೊಂದು ಸಲ ಮಾಡಿ ತೋರ್ಸ್ತೀರಾ?"

ಅಳತೆಗಾರ ಬೆಚ್ಚಿಬಿದ್ದು ತಿರುಗಿದ. "ಅಯ್ಯೋ, ಮೇಡಂ! ಯಾವಾಗ ಬಂದ್ರಿ?"

"ಆ ಟೇಪನ್ನ ಯಾಕೆ ಮಡಚಿದ್ರಿ?"

"ಮಡಚ್ದೆ ಹೇಗೆ ಅಳೀಲಿ? ಸುತ್ತನ್ನ ನಾಲ್ಕು ಪಾಲು ಮಾಡೋದು, ಒಂದು ಪಾಲನ್ನ ಅದರಿಂದಲೇ ಗುಣಿಸೋದು, ಉದ್ದದಿಂದ ಗುಣಿಸೋದು. ದಿಮ್ಮಿ ಅಳತೆ ಅಂದ್ರೆ ಇದೇ. ನಮ್ಮ ಬೀದೀಲಿ ನಡೆಯೋಕೆ ಬರೋ ಮಗುವಿಗೂ ಬರುತ್ತೆ."

"ಆದ್ರೆ ದಿಮ್ಮಿ ಉರುಟು. ಇದು ಚೌಕದ ಲೆಕ್ಕ ಆಯ್ತಲ್ಲ?"

"ಆಗ್ಲೇಬೇಕು. ತೊಗಟೆ ಹೋಗುತ್ತೆ, ಪಕ್ಕದ ಚೂರು ಹೋಗುತ್ತೆ, ಗರಗಸ ತಿನ್ನೋದೇ ಒಂದಿಷ್ಟು. ಕೊಳ್ಳೋರಿಗೆ ಬೇಕಾಗಿರೋದು ಹಲಗೆ ಮೇಡಂ, ಪುಡಿಯಲ್ಲ."

ಮೇಡಂ ಬೀದಿಯ ಆಚೆ ತುದಿಯವರೆಗೂ ದೃಷ್ಟಿ ಹಾಯಿಸಿದರು. ಆ ಬೀದಿಯೆಲ್ಲ ಮಿಲ್ಲಿನದೇ ಅನ್ನ ಉಣ್ಣುವ ಮನೆಗಳು. ಹತ್ತೊಂಬತ್ತು ಮಕ್ಕಳೂ ಆ ಮನೆಗಳವರೇ.

"ಗುರುವಾರ ಶಾಲೆಗೆ ಬನ್ನಿ. ಟೇಪು ತನ್ನಿ. ಅಲ್ಲೀವರೆಗೂ ಮಗಳಿಗೆ ಒಂದು ಮಾತೂ ಹೇಳ್ಬೇಡಿ. ಬೀದೀಲೂ ಯಾರಿಗೂ ಬೇಡ."

"ಏನ್ ಮಾಡ್ಕೊಂಡಿದಾಳೆ ಮೇಡಂ ಅವಳು?"

"ನಿಮ್ಮ ಮಗಳಾಗಿದಾಳೆ, ಅಷ್ಟೇ."

ಮನೆಯಲ್ಲಿ ಅಳತೆಗೆ ಸರಿಯಾಗಿ ಒಂದು ವೃತ್ತ ಬರೆದು ಅದರ ಮೇಲೆ ಚೌಕ ಕೂರಿಸಿದರು. ಚೌಕದ ನಾಲ್ಕು ಮೂಲೆ ವೃತ್ತದಿಂದ ತುಸುವೇ ಹೊರಗೆ ಇಣುಕಿದವು. ನಾಲ್ಕೂ ಬದಿಯಲ್ಲಿ ವೃತ್ತ ಹೊಟ್ಟೆ ಉಬ್ಬಿಸಿಕೊಂಡು ಹೊರಗುಳಿಯಿತು. ಆ ಉಬ್ಬಿಗೆ ಕಂದು ಬಣ್ಣ ತುಂಬಿದರು. ಗಂಡ ಹಿಂದೆ ನಿಂತು ನೋಡಿದರು.

"ಮಕ್ಕಳಿಗೆ ಮೊದಲೇ ಹೇಳ್ಬಿಡು. ವಿಚಾರಣೇಲಿ ಗಾಬರಿಬಿದ್ದು ಏನೋ ಹೇಳಿಬಿಟ್ರೆ?"

"ಹೇಳಿಕೊಟ್ಟು ಹೇಳಿಸಿದ್ರೆ ಅದು ಕಾಪಿ ಅಲ್ವೇನ್ರೀ?"

ಗಂಡ ಚಿತ್ರದ ಕಡೆ ಬಾಗಿ, "ಅದೂ ಹೌದು" ಎಂದರು.

ಗುರುವಾರ ಬೆಳಿಗ್ಗೆ ಗೇಟಿನ ಹೊರಗೆ ಅಪ್ಪ ಅಮ್ಮಂದಿರ ಗುಂಪು. ಒಳಗೆ ಹತ್ತೊಂಬತ್ತು ಮಕ್ಕಳು ನಾಲ್ಕನೇ ಕೋಣೆಯಲ್ಲಿ ತುಟಿ ಒಣಗಿಸಿಕೊಂಡು ಕೂತಿದ್ದರು. ನಕಲಿನ ಆರೋಪ ಎಂದಷ್ಟೇ ಅವರಿಗೆ ಗೊತ್ತು. ಯಾವ ಪ್ರಶ್ನೆ ಎಂದು ಯಾರೂ ಹೇಳಿರಲಿಲ್ಲ. ಹೆಡ್‌ಮಾಸ್ಟರ ಕೋಣೆಯಲ್ಲಿ ತನಿಖೆಗೆ ಕೂತ ಅಧಿಕಾರಿ ಒಣಕಲು ಮನುಷ್ಯ. ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು, ಮಾತಿಗೊಮ್ಮೆ ಅದನ್ನು ಮೇಲಕ್ಕೆ ತಳ್ಳುತ್ತಿದ್ದರು. ಮೇಡಂ ತಮ್ಮ ಹಾಳೆಯನ್ನು ಮೇಜಿನ ಮೇಲಿಟ್ಟರು.

"ಏನಿದು?"

"ಅವತ್ತಿನ ಕೋಣೆ ಸಾರ್. ಯಾರ್ಯಾರು ಎಲ್ಲೆಲ್ಲಿ, ಹೇಗೆ ಕೂತಿದ್ರು ಅಂತ."

"ಪರೀಕ್ಷೆ ಕಾಯೋಕೆ ಹೋಗಿದ್ರೋ ಚಿತ್ರ ಬಿಡಿಸೋಕೆ ಹೋಗಿದ್ರೋ?"

"ನೋಡದೆ ಬಿಡಿಸೋಕೆ ಬರಲ್ಲ ಸಾರ್."

ಅಧಿಕಾರಿ ಕನ್ನಡಕ ತಳ್ಳಿಕೊಂಡು ಹಾಳೆಯ ಮೇಲೆ ಬಾಗಿದರು. ಮೇಡಂ ಐದು ಚೌಕಗಳಿಗೆ ಹಸಿರು ಬಣ್ಣ ಹಚ್ಚಿದ್ದರು. "ಈ ಐದು ಜನ ಸರಿ ಉತ್ತರ ಬರ್ದೋರು. ಇವಳು ನೋಡಿ, ಸುತ್ತ ನಾಲ್ಕೂ ಕಡೆ ತಪ್ಪು ಬರ್ದೋರ ಮಧ್ಯೆ ಕೂತಿದಾಳೆ. ಇವನು ಮೂಲೇಲಿದ್ದಾನೆ. ಕದಿಯೋರು ಪಕ್ಕದಲ್ಲಿರೋ ಸರಿ ಉತ್ತರ ಬಿಟ್ಟು, ಕೋಣೆ ದಾಟಿ ಹೋಗಿ ತಪ್ಪನ್ನ ಯಾಕೆ ಕದೀತಾರೆ? ಈ ಐದು ಜನಾನೂ ಬಸ್ಸಲ್ಲಿ ಬರೋ ಮಕ್ಕಳು. ಉಳಿದೋರೆಲ್ಲ ಸಾಮಿಲ್ ಬೀದಿಯವರು."

"ಬೀದಿಗೂ ಲೆಕ್ಕಕ್ಕೂ ಏನು ಸಂಬಂಧ?"

"ಅದನ್ನ ಆಮೇಲೆ ಹೇಳ್ತೀನಿ ಸಾರ್. ನಾನು ಮೊದಲೇ ಹೇಳಿದ್ರೆ ಕಟ್ಟುಕಥೆ ಅಂತೀರಿ. ನೀವೇ ಎರಡು ಲೆಕ್ಕ ಕೊಡಿ. ಒಂದರಲ್ಲಿ ಕಬ್ಬಿಣದ ಕಂಬ ಅಂತಿರ್ಲಿ, ಇನ್ನೊಂದರಲ್ಲಿ ಮರದ ದಿಮ್ಮಿ ಅಂತಿರ್ಲಿ. ಎರಡಕ್ಕೂ ಸುತ್ತಳತೆ, ಉದ್ದ ಕೊಡಿ. ಒಬ್ಬೊಬ್ಬರಿಗೆ ಬೇರೆ ಬೇರೆ ಅಂಕಿ. ಮೈದಾನದಲ್ಲಿ ಹತ್ತು ಹತ್ತು ಹೆಜ್ಜೆ ದೂರ ಕೂರ್ಸಿ. ಕಾಯೋಕೆ ನಾನು ಬರಲ್ಲ, ನೀವೇ ಕಾಯಿರಿ."

ಅಧಿಕಾರಿ ಒಪ್ಪಿದರು. ಆದರೆ ಏಳುವ ಮೊದಲು ಒಂದು ಪ್ರಶ್ನೆ ಕೇಳಿದರು. "ಅವತ್ತು ನಿಮ್ಮ ಕೋಣೇಲಿ ನಕಲಿಗೆ ಸಂಬಂಧಪಟ್ಟ ಹಾಗೆ ಏನೂ ನಡೆದಿಲ್ಲ ಅಂತ ಬರ್ದು ಸಹಿ ಮಾಡ್ತೀರಾ?"

ಹೆಡ್‌ಮಾಸ್ಟರು ಪೆನ್ನು ಮುಂದಕ್ಕೆ ಸರಿಸಿದರು. ಮೇಡಂ ಪೆನ್ನು ಮುಟ್ಟಲಿಲ್ಲ.

"ನಡೆದಿದೆ ಸಾರ್. ಗಂಟೆ ಹೊಡೆಯೋಕೆ ಮುಂಚೆ ಒಂದು ಹುಡುಗಿ ಅಂಗೈ ಮೇಲೆ ಬರ್ಕೊಂಡಿದ್ಲು. ನಾನು ಒರೆಸಿಸಿದೆ. ವರದಿ ಮಾಡ್ಲಿಲ್ಲ."

ಗಣಿತದ ಮೇಷ್ಟ್ರು ಕೆಮ್ಮಿದರು. ಹೆಡ್‌ಮಾಸ್ಟರು ಪೆನ್ನನ್ನು ಹಿಂದಕ್ಕೆ ಎಳೆದುಕೊಂಡರು. ಅಧಿಕಾರಿ ನಿಧಾನವಾಗಿ ಆ ಮಾತನ್ನು ಬರೆದುಕೊಂಡರು. "ಕರೀರಿ ಆ ಹುಡುಗೀನ."

ಚಕ್ಕೆ ಬಂದು ನಿಂತಳು. ಕೈಗಳೆರಡೂ ಬೆನ್ನ ಹಿಂದೆ.

"ಅಂಗೈ ಮೇಲೆ ಏನು ಬರ್ಕೊಂಡಿದ್ದೆ?"

ಅವಳು ಮೇಡಂ ಕಡೆ ನೋಡಿದಳು. ಹೇಳು ಎನ್ನುವಂತೆ ಮೇಡಂ ತಲೆಯಾಡಿಸಿದರು.

"ಸೂತ್ರಗಳು ಸಾರ್. ಸುತ್ತಳತೆಯಿಂದ ತ್ರಿಜ್ಯ ಕಂಡುಹಿಡಿಯೋದು. ವೃತ್ತದ ವಿಸ್ತೀರ್ಣ. ಸಿಲಿಂಡರಿನ ಘನಫಲ."

ಅಧಿಕಾರಿಯ ಪೆನ್ನು ನಿಂತಿತು. ಅವಳ ಉತ್ತರ ಪತ್ರಿಕೆ ಹುಡುಕಿ ತೆಗೆದರು. ಅಲ್ಲೂ ಮೂವತ್ತಮೂರು, ಅಲ್ಲೂ 2,17,800.

"ಹದಿನಾಲ್ಕನೇ ಪ್ರಶ್ನೆಗೆ ಬೇಕಾಗಿದ್ದೇ ಆ ಸೂತ್ರಗಳಲ್ಲವೇನಮ್ಮ? ಅವನ್ನೇ ಬರ್ಕೊಂಡು ಬಂದೋಳು ತಪ್ಪು ಉತ್ತರ ಹೇಗೆ ಬರ್ದೆ?"

"ಮೇಡಂ ಒರೆಸಿಬಿಟ್ರಲ್ಲಾ ಸಾರ್!" ಎಂದಳು ಚಕ್ಕೆ, ಎಷ್ಟು ದಿನದ ಸಿಟ್ಟೋ ಏನೋ. ಆಮೇಲೆ ನಾಲಿಗೆ ಕಚ್ಚಿಕೊಂಡಳು.

ಮೊದಲು ನಕ್ಕವರು ಗಣಿತದ ಮೇಷ್ಟ್ರು, ತಡೆಯಲಾಗದೆ. ಹೆಡ್‌ಮಾಸ್ಟರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಅಧಿಕಾರಿ ನಗಲಿಲ್ಲ, ಆದರೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮೇಡಂ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದರು.

ಮೈದಾನದಲ್ಲಿ ಹತ್ತೊಂಬತ್ತು ಮಕ್ಕಳು ಹತ್ತೊಂಬತ್ತು ಕುರ್ಚಿಯಲ್ಲಿ ಕೂತು, ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು ಬರೆದರು. ಮೇಡಂ ಸ್ಟಾಫ್ ರೂಮಿನಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ಇಪ್ಪತ್ತಾರು ವರ್ಷದಲ್ಲಿ ಅವರು ಕಾಯದೆ ಕೂತ ಮೊದಲ ಪರೀಕ್ಷೆ ಅದು. ಬೂಟಿನ ತುದಿ ನೆಲಕ್ಕೆ ಬಡಿಯುತ್ತಲೇ ಇತ್ತು, ಸದ್ದಿಲ್ಲದೆ.

ಇಪ್ಪತ್ತು ನಿಮಿಷಕ್ಕೆ ಕರೆ ಬಂತು. ಕಬ್ಬಿಣದ ಕಂಬದ ಲೆಕ್ಕ ಹದಿನಾರು ಜನರದ್ದು ಸರಿ, ಮೂವರು ಗುಣಿಸುವಾಗ ಎಡವಿದ್ದರು, ಮೂವರೂ ಬೇರೆ ಬೇರೆ ಕಡೆ. ದಿಮ್ಮಿಯ ಲೆಕ್ಕದಲ್ಲಿ ಹತ್ತೊಂಬತ್ತು ಜನವೂ, ಒಬ್ಬರೂ ಬಿಡದಂತೆ, ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿದ್ದರು. ಚಕ್ಕೆ ಕಂಬದ ಪಕ್ಕದಲ್ಲಿ ಚಿಕ್ಕದೊಂದು ವೃತ್ತ ಬರೆದಿದ್ದಳು, ದಿಮ್ಮಿಯ ಪಕ್ಕದಲ್ಲಿ ಏನೂ ಬರೆದಿರಲಿಲ್ಲ.

"ಒಂದೇ ಲೆಕ್ಕ ಅಲ್ವೇನಮ್ಮ ಎರಡೂ?" ಅಧಿಕಾರಿ ಅವಳನ್ನು ಕೇಳಿದರು. ದನಿ ಮೆತ್ತಗಾಗಿತ್ತು.

"ಹೇಗೆ ಒಂದೇ ಆಗುತ್ತೆ ಸಾರ್? ಅದು ಕಂಬ, ಇದು ದಿಮ್ಮಿ. ದಿಮ್ಮೀನ ಕೊಯ್ಬೇಕಲ್ಲ."

ಆಗ ಮೇಡಂ ಅಳತೆಗಾರನನ್ನು ಒಳಗೆ ಕರೆಸಿದರು. ಜಗುಲಿಯ ಮರದ ಕಂಬಕ್ಕೆ ಅವನು ಟೇಪು ಸುತ್ತಿದ, ಒಮ್ಮೆ ಮಡಚಿದ, ಮತ್ತೊಮ್ಮೆ ಮಡಚಿದ. ಮೇಡಂ ಕಂದು ಬಣ್ಣದ ಚಿತ್ರ ಬಿಚ್ಚಿ ಪಕ್ಕದಲ್ಲಿ ಹಿಡಿದರು. ಅಧಿಕಾರಿ ಟೇಪನ್ನು ಈಸಿಕೊಂಡು ತಾವೇ ಒಂದು ಸಲ ಮಡಚಿ ನೋಡಿದರು.

"ಅಂದ್ರೆ ಈ ಊರಿನ ಮಕ್ಕಳು..."

"ಕದ್ದಿಲ್ಲ ಸಾರ್," ಎಂದರು ಮೇಡಂ. "ಮನೇಲಿ ಕಲಿತಿದ್ದನ್ನ ಬರ್ದಿದ್ದಾರೆ."

ಅಧಿಕಾರಿ ಅಲ್ಲೇ ಜಗುಲಿಯ ಕಟ್ಟೆಯ ಮೇಲೆ ಕೂತು ವರದಿ ಬರೆದರು: ನಕಲು ನಡೆದಿಲ್ಲ, ಫಲಿತಾಂಶ ತಡೆಹಿಡಿಯುವ ಕಾರಣವಿಲ್ಲ, ಹದಿನಾಲ್ಕನೇ ಪ್ರಶ್ನೆಗೆ ಅಂಕವೂ ಇಲ್ಲ. ಅಂಗೈಯ ಸಂಗತಿಯನ್ನೂ ಬಿಡಲಿಲ್ಲ. 'ಪರೀಕ್ಷೆಗೆ ಮುನ್ನವೇ ಮೇಲ್ವಿಚಾರಕಿಯಿಂದ ತಡೆಯಲಾಗಿದೆ, ವರದಿ ಮಾಡದಿದ್ದುದಕ್ಕೆ ಮೌಖಿಕ ಎಚ್ಚರಿಕೆ ನೀಡಲಾಗಿದೆ' ಎಂದು ಬರೆದು, ತಲೆಯೆತ್ತಿ, "ಎಚ್ಚರಿಕೆ ಕೊಟ್ಟಿದೀನಿ, ಆಯ್ತಲ್ಲ ಮೇಡಂ?" ಎಂದರು.

"ಆಯ್ತು ಸಾರ್. ನಿಮ್ಮ ಕನ್ನಡಕದ ಸ್ಕ್ರೂ ಸಡಿಲ ಆಗಿದೆ. ಪೇಟೆ ಬೀದೀಲಿ ನಮ್ಮನೆಯವರ ಅಂಗಡಿ ಇದೆ, ಹೋಗ್ತಾ ಬಿಗಿ ಮಾಡಿಸ್ಕೊಂಡು ಹೋಗಿ."

ಗೇಟಿನ ಹೊರಗೆ ಸುದ್ದಿ ಮುಟ್ಟಿದ್ದೇ ತಡ, ಹೋ ಎಂದು ಎದ್ದ ಕೂಗಿಗೆ ಸೈಕಲ್ ಸ್ಟ್ಯಾಂಡಿನ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಒಮ್ಮೆಗೇ ಹಾರಿದವು.

ಫಲಿತಾಂಶದ ದಿನ ಹತ್ತೊಂಬತ್ತು ಮಕ್ಕಳೂ ಪಾಸು. ಸೊನ್ನೆ ಬಂದ ಒಂದು ಪ್ರಶ್ನೆಯನ್ನು ಪದಕದ ಹಾಗೆ ಹೇಳಿಕೊಂಡು ತಿರುಗಿದ ಮಕ್ಕಳನ್ನು ಆ ಶಾಲೆ ಹಿಂದೆಂದೂ ಕಂಡಿರಲಿಲ್ಲ. "ನಿನಗೆಷ್ಟು ಹದಿನಾಲ್ಕಕ್ಕೆ?" "ಸೊನ್ನೆ!" "ನನಗೂ ಸೊನ್ನೆ!" ಸರಿ ಉತ್ತರ ಬರೆದ ಐದು ಜನ ಮೂಲೆಯಲ್ಲಿ ಸಪ್ಪಗೆ ನಿಂತಿದ್ದರು.

ಸಂಜೆ ಮೇಡಂ ಸಾಮಿಲ್ ಬೀದಿಗೆ ತಿರುಗಿದಾಗ ಬಟ್ಟೆಯ ಬೂಟಿನ ಸದ್ದು ಯಾರಿಗೂ ಕೇಳಿಸುವಂಥದ್ದಲ್ಲ. ಆದರೂ ಅಂದು ಬಾಗಿಲು ಬಾಗಿಲಲ್ಲೂ ಜನ ಎದ್ದು ನಿಂತರು. ಚಕ್ಕೆ ಅಂಗೈ ಬಿಚ್ಚಿ, ಎತ್ತರಕ್ಕೆ ಎತ್ತಿ ಬೀಸಿದಳು. ಅದರಲ್ಲಿ ಏನೂ ಬರೆದಿರಲಿಲ್ಲ.

ಅಳತೆಗಾರ ಮಾತ್ರ ಕಿವಿಯ ಪೆನ್ಸಿಲ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಎದುರಿಗೆ ಬಂದ. ಮುಖದಲ್ಲಿ ಖುಷಿಯೂ ಇತ್ತು, ಮುನಿಸೂ ಇತ್ತು.

"ಎಲ್ಲಾ ಸರಿ ಮೇಡಂ. ಆದ್ರೆ ನನ್ನಪ್ಪನ ಕಾಲದಿಂದ ಒಂದು ದಿನಾನೂ ತಪ್ಪದ ಲೆಕ್ಕ ಇದು. ಇದಕ್ಕೆ ಸೊನ್ನೆ ಅಂದ್ರೆ ಹೇಗೆ? ಆ ನಾಲ್ಕು ಮಾರ್ಕ್ಸು ಎಲ್ಲಿಗೆ ಹೋಯ್ತು?"

ಮೇಡಂ ಒಂದು ಕ್ಷಣ ಮಿಲ್ಲಿನ ಒಳಗೆ ನೋಡಿದರು. ಗರಗಸದ ಕೆಳಗೆ ಪುಡಿಯ ಗುಡ್ಡೆ ಸಂಜೆಯ ಬಿಸಿಲಿಗೆ ಹೊಂಬಣ್ಣವಾಗಿತ್ತು.

"ಗರಗಸ ತಿಂತು ಅಂದ್ಕೊಳ್ಳಿ," ಎಂದರು.